62ರ ವಯಸ್ಸಿನಲ್ಲಿ ಉಗಿಬಂಡಿ ಸೇವೆ: ನನ್ನನ್ನು ಸೇರಿಸಿಕೊಳ್ಳುತ್ತಾರಾ?

ಪ್ರಶ್ನೆ: ನಾನು ಧಾರವಾಡದವನು, ವಯಸ್ಸು 62. ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿದ್ದೇನೆ. ನಮ್ಮ ತಂದೆ ಹುಬ್ಬಳ್ಳಿ ಲೋಕೊ ಶೆಡ್ಡಿನಲ್ಲಿ ಫೈರ್‌ಮನ್ (ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವರು) ಆಗಿ ಸೇರಿ ಡ್ರೈವರ್ ಆಗಿ ನಿವೃತ್ತರಾದವರು. ಎಲ್ಲಾ ಮೀಟರ್‌ಗೇಜ್ ಉಗಿ ಎಂಜಿನ್ನಿನ ಕಾಲ. ಮಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಳೆ. ಮುಂದಿನ ಬೇಸಿಗೆಗೆ ಐದು ತಿಂಗಳು ಅವಳ ಮನೆಗೆ ಹೋಗುವವರಿದ್ದೇವೆ. ಅಲ್ಲಿ ಹಳೆಯ ಉಗಿ ರೈಲುಗಳನ್ನು ಜನರೇ ಸಂಬಳವಿಲ್ಲದೆ ಓಡಿಸುತ್ತಾರಂತೆ. ನನ್ನಂಥವನಿಗೂ ಅವಕಾಶ ಇದೆಯಾ? ಎಂಜಿನ್ ಮೇಲೆ ನಿಂತು ಕಲ್ಲಿದ್ದಲು ಹಾಕಬಹುದಾ? ಅಂಥದ್ದು ನಮ್ಮ ಹುಬ್ಬಳ್ಳಿಯಲ್ಲಿ ಯಾಕಿಲ್ಲ?

ಉತ್ತರ: ಮೊದಲು ಮೂರಕ್ಕೂ ಚುಟುಕಾಗಿ ಹೇಳಿಬಿಡುತ್ತೇನೆ. ಅವಕಾಶ ಇದೆ, ಆದರೆ ನಿಮ್ಮ ವೀಸಾ ಅದಕ್ಕೊಂದು ಮಿತಿ ಹಾಕುತ್ತದೆ. ಕಲ್ಲಿದ್ದಲು ಹಾಕುವ ಕೆಲಸ ವಾಲಂಟಿಯರ್ ಆಗಿ ಈ ಒಂದು ಪ್ರವಾಸದಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟರೆ ಸ್ವಲ್ಪ ಹೊತ್ತು ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಯಾಕಿಲ್ಲ ಅಂದರೆ, ನಿಮ್ಮ ತಂದೆ ಓಡಿಸಿದ ಎಂಜಿನ್ ಓಡಲು ಇಲ್ಲಿ ಹಳಿಯೇ ಉಳಿದಿಲ್ಲ. ಇಷ್ಟು ಓದಿ ಆಸೆ ಬಿಡಬೇಡಿ. ಎಂಜಿನ್ ಮೇಲೆ ಹತ್ತುವುದೊಂದೇ ಸೇವೆ ಅಂತ ಹೊರಟವರು ಅಲ್ಲಿ ಬೇಗ ಬೇಸರವಾಗಿ ವಾಪಸ್ ಬರುತ್ತಾರೆ. ಉಳಿದ ಕೆಲಸಕ್ಕೆ ಕೈ ಹಾಕಿದವರು ವರ್ಷಗಟ್ಟಲೆ ಉಳಿಯುತ್ತಾರೆ. ರೈಲು ನಡೆಯುವುದೂ ಅವರಿಂದಲೇ.

ನಿಮ್ಮ ಮಗಳು ಇರುವ ಊರಿಗೂ ಈ ವಿಷಯಕ್ಕೂ ನಂಟಿದೆ. ವೇಲ್ಸಿನ ಕಡಲತೀರದಲ್ಲಿ ಟೈವಿನ್ ಅಂತ ಒಂದು ಸಣ್ಣ ಊರು. ಅಲ್ಲಿಂದ ಬೆಟ್ಟದೊಳಗಿನ ಸ್ಲೇಟು ಕಲ್ಲಿನ ಗಣಿ ಕಡೆಗೆ 1860ರ ದಶಕದಲ್ಲಿ ಟಾಲಿಲಿನ್ ಎಂಬ ಪುಟ್ಟ ರೈಲು ಹಾಕಿದರು. ಎರಡು ಹಳಿಗಳ ನಡುವಿನ ಅಗಲ, ಅಂದರೆ ಗೇಜ್, ಬರೀ 686 ಮಿಲಿಮೀಟರ್. ನಮ್ಮ ಮೀಟರ್‌ಗೇಜೇ ಅದರ ಮುಂದೆ ದೊಡ್ಡದು. 1946ರಲ್ಲಿ ಗಣಿ ಮುಚ್ಚಿತು. ಮಾಲೀಕರಾದ ಸರ್ ಹೇಡನ್ ಜೋನ್ಸ್ ತಾವು ಬದುಕಿರುವ ತನಕ ರೈಲು ನಿಲ್ಲಿಸುವುದಿಲ್ಲ ಅಂತ ನಷ್ಟದಲ್ಲೇ ಓಡಿಸಿದರು. 1950ರಲ್ಲಿ ಅವರು ತೀರಿಕೊಂಡರು. ಹಳಿ ಕಿತ್ತು ಗುಜರಿಗೆ ಹೋಗುವುದೊಂದೇ ಬಾಕಿ ಇತ್ತು. ಆಗ ರೈಲಿನ ಹುಚ್ಚಿದ್ದ ಒಂದಷ್ಟು ಜನ ಅದೇ ವರ್ಷ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಸಭೆ ಸೇರಿದರು. ನಾವೇ ಓಡಿಸೋಣ ಅಂತ ಸಂಘ ಕಟ್ಟಿದರು. 1951ರ ಮೇ ತಿಂಗಳಲ್ಲಿ ಅವರ ಮೊದಲ ಗಾಡಿ ಹೊರಟಿತು. ವಾಲಂಟಿಯರ್‌ಗಳು ಉಳಿಸಿ ಓಡಿಸಿದ ಜಗತ್ತಿನ ಮೊದಲ ರೈಲು ಅದು. ಇವತ್ತಿಗೂ ಓಡುತ್ತಿದೆ.

ಆಮೇಲೆ ಇದು ಊರೂರಿಗೆ ಹಬ್ಬಿತು. ಅದಕ್ಕೆ ಕಾರಣ ಬರೀ ಪ್ರೀತಿಯಲ್ಲ, ಸಂದರ್ಭವೂ ಹಾಗಿತ್ತು. 1963ರಲ್ಲಿ ಬ್ರಿಟಿಷ್ ರೈಲ್ವೆಯ ಅಧ್ಯಕ್ಷ ಬೀಚಿಂಗ್ ಕೊಟ್ಟ ವರದಿಯ ನಂತರ ಸಾವಿರಾರು ಮೈಲಿ ಸಣ್ಣ ಮಾರ್ಗಗಳು ಬಂದ್ ಆದವು. ಮುಚ್ಚಿದ ಮಾರ್ಗವನ್ನು ಖಾಸಗಿಯವರು ಕೊಂಡುಕೊಳ್ಳಬಹುದಿತ್ತು. 1968ರ ಆಗಸ್ಟ್ 11ಕ್ಕೆ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ ಸೇವೆಯೇ ನಿಂತುಹೋಯಿತು. ಎಂಜಿನ್‌ಗಳು ಗುಜರಿಗೆ ಹೋದವು. ವೇಲ್ಸಿನ ಬ್ಯಾರಿ ಎಂಬ ಊರಿನ ಗುಜರಿ ಅಂಗಡಿಯವರು ಮೊದಲು ಹಳೆ ವ್ಯಾಗನ್ ಒಡೆಯುವ ಕೆಲಸ ಹಿಡಿದರು. ಎಂಜಿನ್‌ಗಳನ್ನು ಆಮೇಲೆ ನೋಡಿದರಾಯಿತು ಅಂತ ಸುಮ್ನೆ ಬಿಟ್ಟರು. ಕಡಲ ಗಾಳಿಗೆ ತುಕ್ಕು ಹಿಡಿಯುತ್ತ ನಿಂತಿದ್ದ ಆ ಎಂಜಿನ್‌ಗಳಲ್ಲಿ 213ನ್ನು ಸಂಘಗಳು ಚಂದಾ ಎತ್ತಿ ಬಿಡಿಸಿಕೊಂಡು ಬಂದವು. ಇವತ್ತು ಬ್ರಿಟನ್ನಿನಲ್ಲಿ ಓಡುವ ದೊಡ್ಡ ಎಂಜಿನ್‌ಗಳಲ್ಲಿ ಬ್ಯಾರಿಯಿಂದ ಬಂದವು ಬಹಳ ಇವೆ.

ಇನ್ನು ವೀಸಾ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ನೀವು ಹೋಗುವುದು ವಿಸಿಟರ್ ವೀಸಾದ ಮೇಲೆ, ಅಲ್ವಾ? ಆ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸಂಬಳವಿಲ್ಲದ ಕೆಲಸಕ್ಕೂ ನಿಯಮ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ವಾಲಂಟಿಯರ್ ಆಗಬಹುದು, ಮೂರು ಷರತ್ತಿನ ಮೇಲೆ. ನೀವು ಹೋಗುವ ಮುಖ್ಯ ಉದ್ದೇಶ ಅದಾಗಿರಬಾರದು. ಒಟ್ಟು 30 ದಿನ ಮೀರಬಾರದು. ಮತ್ತು ಆ ಸಂಸ್ಥೆ ಅಲ್ಲಿನ ಸರ್ಕಾರದಲ್ಲಿ ದತ್ತಿ ಸಂಸ್ಥೆಯಾಗಿ ನೋಂದಣಿಯಾಗಿರಬೇಕು.

ಮೂರನೆಯ ಷರತ್ತೇ ತೊಡಕಿನದು. ಹಳೆ ರೈಲು ನಡೆಸುವ ಕಡೆ ಸಾಮಾನ್ಯವಾಗಿ ಒಂದೇ ಸಂಸ್ಥೆ ಇರುವುದಿಲ್ಲ. ರೈಲು ಓಡಿಸುವುದು ಒಂದು ಕಂಪನಿ, ಹಣ ಎತ್ತುವುದು ಒಂದು ಟ್ರಸ್ಟ್, ಸದಸ್ಯರದ್ದು ಇನ್ನೊಂದು ಸಂಘ, ಹೀಗಿರುತ್ತದೆ. ಅದರಲ್ಲಿ ಒಂದು ದತ್ತಿ ಸಂಸ್ಥೆಯಾಗಿದ್ದು, ಇನ್ನೊಂದು ಆಗಿಲ್ಲದಿರಬಹುದು. ಹೆಸರು ನೋಡಿ ತೀರ್ಮಾನ ಮಾಡಬೇಡಿ. ‘ನಾನು ಯಾವ ಸಂಸ್ಥೆಯ ವಾಲಂಟಿಯರ್ ಆಗುತ್ತೇನೆ? ಅದರ ದತ್ತಿ ನೋಂದಣಿ ಸಂಖ್ಯೆ ಏನು?’ ಅಂತ ನೇರವಾಗಿ ಬರೆದು ಕೇಳಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. 30 ದಿನದ ಲೆಕ್ಕದ ಬಗ್ಗೆ ನನ್ನ ಸಲಹೆ ಇಷ್ಟೇ: ವಾರಕ್ಕೊಂದು ದಿನದಂತೆ ಐದು ತಿಂಗಳು ಎಳೆಯಬೇಡಿ. ಒಂದೇ ತಿಂಗಳೊಳಗೆ ಎಲ್ಲಾ ದಿನಗಳನ್ನೂ ಮುಗಿಸಿ. ಲೆಕ್ಕದ ತಕರಾರೇ ಬೇಡ. ವೀಸಾ ಅರ್ಜಿಯಲ್ಲಿ ಮಗಳ ಮನೆಗೆ ಹೋಗುವುದೇ ಮುಖ್ಯ ಅಂತ ಬರೆಯಿರಿ. ಅದು ನಿಜವೂ ಹೌದು. ವಾಲಂಟಿಯರ್ ಕೆಲಸವನ್ನು ಮುಚ್ಚಿಡಬೇಡಿ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಈ ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವಾರದಲ್ಲಿ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಏಜೆಂಟ್ ಹೇಳಿದ್ದನ್ನು ನಂಬಿ ಕೂರಬೇಡಿ.

ಬರ್ಮಿಂಗ್‌ಹ್ಯಾಮಿನಿಂದ ಹತ್ತಿರದ್ದು ಸೆವರ್ನ್ ವ್ಯಾಲಿ ರೈಲ್ವೆ. ಕಿಡರ್‌ಮಿನ್‌ಸ್ಟರ್ ತನಕ ಮಾಮೂಲಿ ರೈಲಿನಲ್ಲಿ ಒಂದು ತಾಸಿನೊಳಗೆ ಹೋಗಬಹುದು. ಅಲ್ಲೇ ಪಕ್ಕದಲ್ಲೇ ಇವರ ಸ್ಟೇಷನ್. ದೊಡ್ಡ ಎಂಜಿನ್, ದೊಡ್ಡ ಗೇಜ್, 16 ಮೈಲಿಯ ಮಾರ್ಗ. ಟಾಲಿಲಿನ್‌ಗೆ ಹೋಗುವುದು ದೂರ. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ, ಅಲ್ಲೇ ಉಳಿದುಕೊಳ್ಳಬೇಕು. ಆದರೂ ನನ್ನನ್ನು ಕೇಳಿದರೆ ಹೊಸಬರಿಗೆ ಸಣ್ಣ ರೈಲೇ ಒಳ್ಳೆಯದು. ಜನ ಕಡಿಮೆ, ಆದ್ದರಿಂದ ಒಬ್ಬರೇ ನಾಲ್ಕು ಕೆಲಸ ಮಾಡುತ್ತಾರೆ. ನಿಮಗೂ ನಾಲ್ಕು ಕೆಲಸ ನೋಡಲು ಸಿಗುತ್ತದೆ. ನಾನು ರೈಲ್ವೆಯ ಮೆಕ್ಯಾನಿಕಲ್ ಕಡೆ ನೌಕರಿ ಮುಗಿಸಿದವನು. ಬ್ರಿಟನ್ನಿಗೆ ಹೋದಾಗ ಕೈಗೆ ಮಸಿ ಹತ್ತಿದ್ದು ಇಂಥದೇ ಒಂದು ಸಣ್ಣ ಗೇಜಿನ ರೈಲಿನಲ್ಲಿ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದೆ ಅಂತ ಇಟ್ಟುಕೊಳ್ಳಿ.

ನಿಮಗೆ ಯಾವ ಕೆಲಸ ಕೊಡುತ್ತಾರೆ? ಬ್ಯಾಂಕಿನವರು ಅಂತ ಗೊತ್ತಾದ ಕೂಡಲೇ ಬುಕಿಂಗ್ ಆಫೀಸಿನ ಕಡೆ ಕೈ ತೋರಿಸಿದರೆ ಆಶ್ಚರ್ಯವಿಲ್ಲ. ಬೇಡ ಅನ್ನಬೇಡಿ. ಅಲ್ಲಿನ ಹಳೆ ರೈಲುಗಳಲ್ಲಿ ಅನೇಕ ಕಡೆ ಇನ್ನೂ ಗಟ್ಟಿ ರಟ್ಟಿನ ಚಿಕ್ಕ ಟಿಕೆಟ್ ಕೊಡುತ್ತಾರೆ. ನೀವು ಚಿಕ್ಕವರಿದ್ದಾಗ ಧಾರವಾಡ ಸ್ಟೇಷನ್ನಿನ ಕಿಟಕಿಯಲ್ಲಿ ಕೈಚಾಚಿ ತೆಗೆದುಕೊಂಡಿರುತ್ತೀರಲ್ಲ, ಅದೇ. ಕಂಪ್ಯೂಟರ್ ಬಂದ ಮೇಲೆ ನಮ್ಮಲ್ಲಿ ಮಾಯವಾಯಿತು. 1840ರ ಹೊತ್ತಿಗೆ ಥಾಮಸ್ ಎಡ್ಮಂಡ್‌ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ಮಾಸ್ತರರು ಕಂಡುಹಿಡಿದ ಪದ್ಧತಿ ಅದು. ಅದಕ್ಕೆ ಮೊದಲು ಪ್ರತಿ ಪ್ರಯಾಣಿಕನಿಗೂ ಚೀಟಿ ಕೈಯಲ್ಲಿ ಬರೆದು ಕೊಡುತ್ತಿದ್ದರು. ದುಡ್ಡು ಎಷ್ಟು ಬಂತು, ಎಷ್ಟು ಜೇಬಿಗೆ ಹೋಯಿತು ಅಂತ ಯಾರೂ ಹೇಳುವಂತಿರಲಿಲ್ಲ.

ಅವರು ಮಾಡಿದ ಉಪಾಯ ಸರಳ. ಪ್ರತಿ ಟಿಕೆಟ್ಟಿಗೂ ಸಾಲು ಸಂಖ್ಯೆ ಅಚ್ಚು ಹಾಕಿಸಿದರು. ಒಂದೊಂದು ಊರಿಗೆ ಒಂದೊಂದು ಖಾನೆ. ಟಿಕೆಟ್‌ಗಳು ಒಂದರ ಮೇಲೊಂದು ಕೂತಿರುತ್ತವೆ, ಸಂಖ್ಯೆಯ ಪ್ರಕಾರ ಒಂದೊಂದೇ ಹೊರಬರುತ್ತದೆ. ಕೊಡುವ ಮೊದಲು ಪಕ್ಕದ ಕಬ್ಬಿಣದ ಪ್ರೆಸ್ಸಿನಲ್ಲಿ ತೂರಿಸಿದರೆ ಟಕ್ ಅಂತ ತಾರೀಖು ಬೀಳುತ್ತದೆ. ಸಂಜೆ ಖಾನೆಯಲ್ಲಿ ಮುಂದೆ ಬರುವ ಸಂಖ್ಯೆಯಿಂದ ಬೆಳಗಿನ ಸಂಖ್ಯೆ ಕಳೆಯಬೇಕು. ಅಷ್ಟು ಟಿಕೆಟ್ ಹೋಗಿದೆ. ದರದಿಂದ ಗುಣಿಸಿ ಗಲ್ಲಾದ ಹಣಕ್ಕೆ ತಾಳೆ ನೋಡಬೇಕು. ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಮೂರು ಪೆನ್ಸ್ ಹೆಚ್ಚುಕಡಿಮೆ ಬಂದರೆ ತಲೆ ಕೆರೆದುಕೊಂಡು ಮತ್ತೊಮ್ಮೆ ಎಣಿಸುವ ಮುದುಕರು ಅಲ್ಲೂ ಇದ್ದಾರೆ. ನಿಮಗೆ ಭಾಳ ಸ್ನೇಹ ಆಗುತ್ತದೆ.

ಬುಕಿಂಗ್ ಆಫೀಸು ಬೇಡ ಅಂದರೆ ಹಳಿ ಕೆಲಸ ಇದೆ. ಚರಂಡಿ ಬಿಡಿಸುವುದು, ಬೇಲಿ ಸವರುವುದು, ಸ್ಲೀಪರ್ ಬದಲಿಸುವಾಗ ಜಲ್ಲಿ ತೋಡುವುದು. ವೇಲ್ಸಿನ ಮಳೆಗೆ ಗಿಡಗಂಟಿ ಎರಡೇ ವಾರದಲ್ಲಿ ಹಳಿ ಮೇಲೆ ಬಂದಿರುತ್ತದೆ. ಬೋಗಿಗೆ ಬಣ್ಣ ಹಚ್ಚುವುದು, ಚಹಾದಂಗಡಿಯಲ್ಲಿ ಕೇಕು ಕೊಯ್ಯುವುದು, ಸ್ಟೇಷನ್ನಿನ ಹೂಗಿಡಕ್ಕೆ ನೀರು ಹಾಕುವುದು, ಎಲ್ಲವೂ ವಾಲಂಟಿಯರ್ ಕೆಲಸವೇ. ಬರುವ ಜನ ಟಿಕೆಟ್ಟಿಗೆ ಕೊಡುವಷ್ಟೇ ದುಡ್ಡನ್ನು ಚಹಾಕ್ಕೂ ಅಂಗಡಿಗೂ ಕೊಟ್ಟು ಹೋಗಲಿ ಅಂತ ಪ್ರತಿ ರೈಲಿನವರೂ ಬಯಸುತ್ತಾರೆ. ಕಲ್ಲಿದ್ದಲಿನ ಖರ್ಚು ಅಲ್ಲಿಂದಲೂ ಹುಟ್ಟಬೇಕಲ್ಲ. ಕಲ್ಲಿದ್ದಲಿನ ಮಾತು ಬಂತು ಅಂತ ಹೇಳುತ್ತೇನೆ: ಒಂದು ಕಾಲಕ್ಕೆ ಜಗತ್ತಿಗೆಲ್ಲ ಒಳ್ಳೆಯ ಉಗಿ ಕಲ್ಲಿದ್ದಲು ಕಳಿಸಿದ ವೇಲ್ಸಿನಲ್ಲಿ ಈ ರೈಲುಗಳಿಗೆ ಕಲ್ಲಿದ್ದಲು ಕೊಡುತ್ತಿದ್ದ ಫೋಸ್-ಇ-ಫ್ರಾನ್ ಗಣಿ 2023ರಲ್ಲಿ ಮುಚ್ಚಿತು. ಈಗ ಹಡಗಿನಲ್ಲಿ ಹೊರದೇಶದಿಂದ ಬರಬೇಕು. ವಿಚಿತ್ರ ಅಲ್ವಾ?

ಸಿಗ್ನಲ್ ಕ್ಯಾಬಿನ್ನಿನಲ್ಲಿ ನಿಮಗೆ ಕೆಲಸ ಕೊಡುವುದಿಲ್ಲ. ಅದಕ್ಕೆ ತರಬೇತಿ, ಪರೀಕ್ಷೆ ಎಲ್ಲಾ ಇದೆ. ಆದರೆ ಕೇಳಿದರೆ ನೋಡಲು ಬಿಡುತ್ತಾರೆ. ಒಂಟಿ ಹಳಿ ಮೇಲೆ ಎದುರುಬದುರು ಗಾಡಿ ಬರಬಾರದು ಅಂತ ಡ್ರೈವರ್ ಕೈಗೆ ಟೋಕನ್ ಕೊಡುವ ಪದ್ಧತಿ ಅಲ್ಲಿ ಇನ್ನೂ ಬದುಕಿದೆ. ನಮ್ಮಲ್ಲಿ ಲೋಹದ ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ದೊಡ್ಡ ಬಳೆಗೆ ಸಿಕ್ಕಿಸಿ, ಓಡುವ ಎಂಜಿನ್ನಿನ ಮೇಲಿದ್ದವರಿಗೆ ಕೊಡುತ್ತಿದ್ದರು. ನಿಮ್ಮ ತಂದೆಯವರು ಎಷ್ಟು ಸಲ ತೋಳು ಚಾಚಿ ಅದನ್ನು ಹಿಡಿದಿದ್ದಾರೋ.

ಈಗ ನಿಮಗೆ ನಿಜವಾಗಿ ಬೇಕಾದ ವಿಷಯಕ್ಕೆ ಬರೋಣ. ಎಂಜಿನ್. ಅಲ್ಲಿ ಏಣಿ ಹೀಗಿದೆ: ಮೊದಲು ಕ್ಲೀನರ್, ಆಮೇಲೆ ಫೈರ್‌ಮನ್, ಆಮೇಲೆ ಡ್ರೈವರ್. ನಮ್ಮ ಶೆಡ್‌ಗಳಲ್ಲಿದ್ದ ಏಣಿಯೇ. ಪ್ರತಿ ಮೆಟ್ಟಿಲಿಗೂ ವೈದ್ಯರ ತಪಾಸಣೆ, ನಿಯಮಗಳ ಪರೀಕ್ಷೆ, ಇನ್‌ಸ್ಪೆಕ್ಟರ್ ಜೊತೆ ಓಡಾಟ. ವಾರಾಂತ್ಯಕ್ಕೆ ಮಾತ್ರ ಬರುವವರು ಫೈರ್‌ಮನ್ ಆಗಲು ವರ್ಷಗಳು ಹಿಡಿಯುತ್ತವೆ, ಡ್ರೈವರ್ ಆಗಲು ಇನ್ನೂ ಜಾಸ್ತಿ. 30 ದಿನದಲ್ಲಿ ಆಗುವ ಮಾತಲ್ಲ. ವಯಸ್ಸಿನ ದೋಷ ಅಲ್ಲ ಇದು. 62ಕ್ಕೆ ಅಲ್ಲಿ ನೀವು ಮುದುಕರ ಲೆಕ್ಕಕ್ಕೇ ಬರುವುದಿಲ್ಲ. ಕ್ಲೀನರ್ ಕೆಲಸಕ್ಕೆ ಸಹಾಯಕರಾಗಿ ಶೆಡ್ಡಿನೊಳಗೆ ಬಿಡುತ್ತಾರಾ ಅಂತ ಕೇಳಿ. ಕೆಲವು ಕಡೆ ಬಿಡುತ್ತಾರೆ. ಬಿಟ್ಟರೆ ಬೆಳಗಿನ ಪಾಳಿ ಕೇಳಿ ಪಡೆಯಿರಿ. ಇಡೀ ರೈಲಿನಲ್ಲಿ ಕಲಿಯುವಂಥದ್ದು ಜಾಸ್ತಿ ಇರುವುದು ಆ ಹೊತ್ತಿನಲ್ಲೇ.

ಬೆಳಗಿನ ಜಾವ ಶೆಡ್ಡಿಗೆ ಬಂದವರು ಮೊದಲು ಬೆಂಕಿ ಹಚ್ಚುವುದಿಲ್ಲ. ಮೊದಲು ನೀರು ನೋಡುತ್ತಾರೆ. ಡ್ರೈವರ್ ನಿಲ್ಲುವ ಕಡೆ, ಬಾಯ್ಲರಿನ ಹಿಂಬದಿಗೆ ಕೂರಿಸಿದ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಕಾಣುತ್ತದೆ. ಕಂಡಿದ್ದನ್ನು ಹಾಗೇ ನಂಬುವಂತಿಲ್ಲ. ಕೊಳವೆ ಕಟ್ಟಿಕೊಂಡಿದ್ದರೆ ಸುಳ್ಳು ಹೇಳುತ್ತದೆ. ಬಿರಡೆ ತಿರುಗಿಸಿ ಪರೀಕ್ಷೆ ಮಾಡಬೇಕು. ಫೈರ್‌ಬಾಕ್ಸ್ ಅಂದರೆ ಬಾಯ್ಲರಿನೊಳಗೆ ಬೆಂಕಿ ಉರಿಯುವ ಪೆಟ್ಟಿಗೆ; ಅದರ ನೆತ್ತಿ ಯಾವತ್ತೂ ನೀರಿನ ಕೆಳಗಿರಬೇಕು. ನೀರು ಇಳಿದು ನೆತ್ತಿ ಬರಿದಾದರೆ ಲೋಹ ಮೆತ್ತಗಾಗಿ ಬಾಯ್ಲರ್ ಸಿಡಿಯುತ್ತದೆ. ಅದಕ್ಕೇ ಅಲ್ಲಿ ಸೀಸದ ಬಿರಡೆ ಕೂರಿಸಿರುತ್ತಾರೆ. ನೀರು ತಪ್ಪಿದರೆ ಮೊದಲು ಅದು ಕರಗಿ, ಹಬೆ ಬೆಂಕಿ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್ ಬಿಗಿಯಾಗಿದೆಯಾ, ಎಂಜಿನ್ನಿಗೆ ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಿದೆಯಾ, ಗೇರ್ ನಡುವೆ ಇದೆಯಾ ಅಂತ ನೋಡುತ್ತಾರೆ. ನಿನ್ನೆಯ ಬೂದಿ ಎಳೆಯುವುದು, ಜಾಲರಿಗೆ ಅಂಟಿದ ಕಿಟ್ಟ ಒಡೆಯುವುದು, ಮುಂದಿನ ಸ್ಮೋಕ್‌ಬಾಕ್ಸಿನಲ್ಲಿ ಕೂತ ಕರಿ ಪುಡಿಯನ್ನು ಸಲಿಕೆಯಿಂದ ತೆಗೆಯುವುದು ಕ್ಲೀನರ್ ಪಾಲಿಗೆ ಬರುತ್ತದೆ. ಆ ಪುಡಿ ಮೂಗಿನೊಳಗೆ ಹೋಗಿ ಎರಡು ದಿನ ಇರುತ್ತದೆ.

ಇಷ್ಟಾದ ಮೇಲೆ ಜಾಲರಿ ಮೇಲೆ ತೆಳ್ಳಗೆ ಕಲ್ಲಿದ್ದಲು, ಅದರ ಮೇಲೆ ಕಟ್ಟಿಗೆ, ಎಣ್ಣೆಯಲ್ಲಿ ನೆನೆಸಿದ ಚಿಂದಿ. ಕಡ್ಡಿ ಗೀರಿದ ಮೇಲೆ ಅವಸರ ಮಾಡುವಂತಿಲ್ಲ. ದಪ್ಪ ಗಾಜಿನ ಲೋಟಕ್ಕೆ ಒಮ್ಮೆಲೇ ಕುದಿನೀರು ಸುರಿದರೆ ಬಿರಿಯುತ್ತದಲ್ಲ, ಬಾಯ್ಲರ್ ಕಥೆಯೂ ಅದೇ. ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ ಇದ್ದರೆ ಕೊಳವೆಗಳ ಬಾಯಿ ಸಡಿಲಾಗಿ ನೀರು ಜಿನುಗುತ್ತದೆ. ಸಣ್ಣ ಎಂಜಿನ್ನಿಗೇ ಮೂರು ನಾಲ್ಕು ತಾಸು ಬೇಕು. ದೊಡ್ಡದಾದರೆ ಹಿಂದಿನ ದಿನವೇ ಸಣ್ಣ ಬೆಂಕಿ ಇಟ್ಟು ಬೆಚ್ಚಗೆ ಮಾಡುತ್ತಾರೆ. ಆ ಹೊತ್ತಿನಲ್ಲಿ ಚಿಂದಿ ಹಿಡಿದು ಎಂಜಿನ್ ಒರೆಸಬೇಕು. ಅಂದ ಕಾಣಲಿ ಅಂತ ಮಾತ್ರ ಅಲ್ಲ. ಒರೆಸುವ ಕೈಗೇ ಬಿರುಕು, ಸಡಿಲ ಬೋಲ್ಟು, ಸೋರುವ ಎಣ್ಣೆ ಸಿಗುವುದು. ಎಷ್ಟೋ ತೊಂದರೆಗಳನ್ನು ಮೊದಲು ಕಂಡವರು ಕ್ಲೀನರ್‌ಗಳೇ.

ಗಾಡಿ ಹೊರಟ ಮೇಲಿನ ಕೆಲಸವನ್ನು ನೀವು ದೂರದಿಂದಲೂ ಓದಬಹುದು. ಚಿಮಣಿ ನೋಡಿ. ತಿಳಿ ಬೂದು ಬಣ್ಣದ ಹೊಗೆ ಬಂದರೆ ಫೈರ್‌ಮನ್ ಸರಿಯಾಗಿ ಹಾಕುತ್ತಿದ್ದಾನೆ. ಕಪ್ಪಗೆ ದಟ್ಟವಾಗಿ ಬಂದರೆ ಫೋಟೋದವರಿಗೆ ಖುಷಿ, ಕಲ್ಲಿದ್ದಲು ಮಾತ್ರ ದಂಡ. ಒಮ್ಮೆಗೆ ತುಂಬ ಸುರಿಯದೆ, ಸ್ವಲ್ಪ ಸ್ವಲ್ಪವೇ ಪದೇ ಪದೇ ಹಾಕಬೇಕು. ರೆಗ್ಯುಲೇಟರ್ ಮುಚ್ಚುವ ಮೊದಲು, ಸುರಂಗಕ್ಕೆ ನುಗ್ಗುವ ಮೊದಲು, ಹಬೆ ಊದಿ ಹೊಗೆಯನ್ನು ಚಿಮಣಿ ಕಡೆ ಎಳೆಯುವ ಬ್ಲೋವರ್ ತೆರೆದಿರಬೇಕು. ಇಲ್ಲದಿದ್ದರೆ ಬೆಂಕಿ ಚಿಮಣಿ ಕಡೆ ಹೋಗದೆ ಬಾಗಿಲಿನಿಂದ ಜನರ ಮೇಲೆ ನುಗ್ಗುತ್ತದೆ. ಹೊಸಬರನ್ನು ಎಂಜಿನ್ ಮೇಲೆ ಸುಮ್ನೆ ಹತ್ತಿಸದಿರುವುದು ಇದಕ್ಕೇ. ಜಂಬಕ್ಕಲ್ಲ.

ಒಂದು ಸಲವಾದರೂ ಸಲಿಕೆ ಹಿಡಿಯಲೇಬೇಕು ಅಂತಿದ್ದರೆ, ಹಲವು ರೈಲುಗಳು ದುಡ್ಡು ಪಡೆದು ಡ್ರೈವರ್ ಅನುಭವದ ಕೋರ್ಸ್ ನಡೆಸುತ್ತವೆ. ಪಕ್ಕದಲ್ಲಿ ನಿಜವಾದ ಡ್ರೈವರ್, ಫೈರ್‌ಮನ್ ನಿಂತು ನಿಮ್ಮ ಕೈಯಲ್ಲಿ ಮಾಡಿಸುತ್ತಾರೆ. ನೂರಾರು ಪೌಂಡ್ ಆಗುತ್ತದೆ. ದುಬಾರಿ ಹೌದು. ಆದರೆ ಮಗಳು ಹುಟ್ಟುಹಬ್ಬಕ್ಕೆ ಏನು ಕೊಡಿಸಲಿ ಅಂತ ಕೇಳಿದರೆ ಸಂಕೋಚ ಬಿಟ್ಟು ಹೇಳಿ.

ಅಲ್ಲಿನ ಫೈರ್‌ಮನ್‌ಗಳ ಜೊತೆ ಮಾತಿಗೆ ಕೂತಾಗ ನಿಮ್ಮ ಹತ್ತಿರ ಅವರಿಗಿಲ್ಲದ ಸರಕು ಇದೆ. ಅಲ್ಲಿ ಎಂಜಿನ್ನಿಗೆ ಒಬ್ಬ ಡ್ರೈವರ್, ಒಬ್ಬ ಫೈರ್‌ಮನ್. ನಮ್ಮಲ್ಲಿ ಡ್ರೈವರ್ ಜೊತೆ ಸಾಮಾನ್ಯವಾಗಿ ಇಬ್ಬರು ಫೈರ್‌ಮನ್ ಇರುತ್ತಿದ್ದರು. ಒಬ್ಬ ಬೆಂಕಿಗೆ ಹಾಕುವವನು, ಇನ್ನೊಬ್ಬ ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿನಲ್ಲಿ ಕಲ್ಲಿದ್ದಲು ಒಡೆದು ಮುಂದೆ ತಳ್ಳುವವನು. ಯಾಕೆ? ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಅಷ್ಟೇ ಉಗಿಗೆ ಹೆಚ್ಚು ಹಾಕಬೇಕು, ಹೆಚ್ಚು ಬೂದಿ ಎಳೆಯಬೇಕು. ನಿಮ್ಮ ತಂದೆಯವರ ಕಾಲದ ವೈಪಿ, ವೈಜಿ ಎಂಜಿನ್‌ಗಳ ಫೈರ್‌ಬಾಕ್ಸನ್ನು ಅಗಲವಾಗಿ ಮಾಡಿದ್ದು ಈ ಕಾರಣಕ್ಕೇ. ಇದನ್ನು ಹೇಳಿ ನೋಡಿ. ಚಹಾದ ಬಿಡುವು ಮುಗಿದರೂ ನಿಮ್ಮನ್ನು ಏಳಲು ಬಿಡುವುದಿಲ್ಲ.

ಹುಬ್ಬಳ್ಳಿಯಲ್ಲಿ ಯಾಕಿಲ್ಲ ಅನ್ನುವ ಪ್ರಶ್ನೆಗೆ ಜನ ಸಾಮಾನ್ಯವಾಗಿ ‘ನಮ್ಮವರಿಗೆ ಕಾಳಜಿ ಇಲ್ಲ’ ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಮಾರ್ಗಗಳು ಮುಚ್ಚಿದವು, ಹಾಗಾಗಿ ಜನರ ಕೈಗೆ ಬಂದವು. ನಮ್ಮಲ್ಲಿ ಮುಚ್ಚಲಿಲ್ಲ, ಅಗಲವಾದವು. 1992ರಲ್ಲಿ ಮಾರ್ಗಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ ಬಂತು. ಆ ದಶಕದಲ್ಲೇ ಹುಬ್ಬಳ್ಳಿ ಸುತ್ತಲಿನ ಮುಖ್ಯ ಮಾರ್ಗಗಳು ಬ್ರಾಡ್‌ಗೇಜ್ ಆದವು. ಗದಗ–ಸೋಲಾಪುರ ಕಡೆ ಸ್ವಲ್ಪ ತಡವಾಯಿತು. ಅದೇ ಮಣ್ಣಿನ ದಿಬ್ಬದ ಮೇಲೆ ಮೀಟರ್‌ಗೇಜ್ ಕಿತ್ತು 1,676 ಮಿಲಿಮೀಟರಿನ ಹಳಿ ಹಾಕಿದರು. ಅದರಿಂದ ನಮಗೆ ಲಾಭವೇ ಆಗಿದೆ. ಗಾಡಿ ಬದಲಿಸುವ ತಾಪತ್ರಯ ತಪ್ಪಿತು. ಆದರೆ ಹಳೆ ಎಂಜಿನ್ ಓಡಿಸಲು ಒಂದು ಮೈಲಿ ಹಳಿಯೂ ಉಳಿಯಲಿಲ್ಲ. ಇದರ ಜೊತೆಗೆ ರೈಲ್ವೆ ಪೂರ್ತಿ ಸರ್ಕಾರದ್ದು. ಹೊರಗಿನವರು ಬಂದು ಸ್ಪ್ಯಾನರ್ ಹಿಡಿಯಲು ಬಾಗಿಲೇ ಇಲ್ಲ. ಅನುಮತಿ ಇಲ್ಲದೆ ಯಾರ್ಡಿಗೋ ಹಳಿ ಮೇಲಕ್ಕೋ ಹೋದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಆರು ತಿಂಗಳ ತನಕ ಜೈಲು ಅಥವಾ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಫೋಟೋ ಹುಚ್ಚಿನ ಹುಡುಗರಿಗೂ ಇದನ್ನು ಹೇಳಿ.

ಉಗಿ ಎಂಜಿನ್ ಉಳಿದಿಲ್ಲ ಅಂತಲ್ಲ. 1855ರ ಫೇರಿ ಕ್ವೀನ್ ಇದೆ. ಹರಿಯಾಣದ ರೇವಾರಿಯಲ್ಲಿ ಉಗಿ ಎಂಜಿನ್‌ಗಳಿಗೇ ಅಂತ ಒಂದು ಶೆಡ್ ಇದೆ. ನಮಗೆ ಹತ್ತಿರದ್ದು ನೀಲಗಿರಿ ರೈಲು. ಅದೂ ಮೀಟರ್‌ಗೇಜೇ, ನಿಮ್ಮ ತಂದೆಯವರು ಓಡಿಸಿದ ಅಗಲವೇ. 1908ರಲ್ಲಿ ಊಟಿ ತಲುಪಿತು, 2005ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮೆಟ್ಟುಪಾಳ್ಯಂನಿಂದ ಕೂನೂರಿನ ತನಕ ಉಗಿ ಎಂಜಿನ್ ಗಾಡಿಯನ್ನು ಹಿಂದಿನಿಂದ ತಳ್ಳುತ್ತದೆ. ಹನ್ನೆರಡು ಅಡಿಗೆ ಒಂದು ಅಡಿ ಏರು ಇರುವ ಕಡೆ ಹಳಿ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹತ್ತುತ್ತದೆ. ಕೆಲಸ ಮಾಡುವವರೆಲ್ಲ ರೈಲ್ವೆ ನೌಕರರು. ನೀವು ಪ್ರಯಾಣಿಕರಾಗಿ ಹೋಗಬಹುದು. ಇಂಗ್ಲೆಂಡಿಗೆ ಹೋಗುವ ಮೊದಲು ಒಮ್ಮೆ ಹೋಗಿ ಬನ್ನಿ. ಅಲ್ಲಿ ನೋಡುವುದನ್ನು ಹೋಲಿಸಿಕೊಳ್ಳಲು ಒಂದು ಆಧಾರ ಆಗುತ್ತದೆ.

ಹುಬ್ಬಳ್ಳಿಯಲ್ಲಿ ಮಾಡುವ ಕೆಲಸವೂ ಇದೆ. ಸದರ್ನ್ ಮರಾಠಾ ರೈಲ್ವೆಯವರು ಇಲ್ಲಿ ವರ್ಕ್‌ಶಾಪ್ ಹಾಕಿದ್ದು 1885ರಲ್ಲಿ. ಆ ಊರಿನಲ್ಲಿ ಎಂಜಿನ್ ರಿಪೇರಿ ಮಾಡಿದ, ಬೆಂಕಿ ಹಾಕಿದ ಕೈಗಳು ಇನ್ನೂ ಇವೆ. ಗದಗ ರೋಡು, ಕೇಶ್ವಾಪುರದ ಕಡೆ ಹೋಗಿ ಹಳೆ ರೈಲ್ವೆಯವರ ಮನೆ ಕೇಳಿ. 1970ರ ದಶಕದಲ್ಲಿ ಫೈರ್‌ಮನ್ ಆಗಿದ್ದವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ. ಎಂಜಿನ್ ತುಕ್ಕು ಹಿಡಿದರೂ ತೊಳೆದು ಬಣ್ಣ ಹೊಡೆಯಬಹುದು. ಇವರ ತಲೆಯಲ್ಲಿ ಇರುವುದನ್ನು ಈಗ ಬರೆದುಕೊಳ್ಳದಿದ್ದರೆ ಆಮೇಲೆ ಎಲ್ಲಿಂದ ತರುತ್ತೀರಿ? ಮೊಬೈಲಿನಲ್ಲಿ ಮಾತು ಮುದ್ರಿಸಿಕೊಳ್ಳಿ, ಮೊದಲು ಅವರ ಒಪ್ಪಿಗೆ ಕೇಳಿ.

ಕೇಳುವ ರೀತಿ ಮುಖ್ಯ. ‘ಆ ಕಾಲ ಹೇಗಿತ್ತು ಕಾಕಾ?’ ಅಂದರೆ ‘ಭಾಳ ಛಲೋ ಇತ್ತಪ್ಪ’ ಅನ್ನುತ್ತಾರೆ, ಮಾತು ಮುಗಿಯುತ್ತದೆ. ಜಾಗ ಹಿಡಿದು, ಕೆಲಸ ಹಿಡಿದು ಕೇಳಿ. ಉಣಕಲ್ ದಾಟಿ ಧಾರವಾಡದ ಏರು ಹತ್ತುವ ಮೊದಲು ಬೆಂಕಿ ಹೇಗೆ ತಯಾರು ಮಾಡಿಕೊಳ್ಳುತ್ತಿದ್ದಿರಿ? ಗದಗದಿಂದ ಬರುವಾಗ ಹುಲಕೋಟಿ, ಅಣ್ಣಿಗೇರಿ ದಾಟುವ ಹೊತ್ತಿಗೆ ಟೆಂಡರಿನಲ್ಲಿ ನೀರು ಎಷ್ಟಿರುತ್ತಿತ್ತು? ಬೇಸಿಗೆಯಲ್ಲಿ ಎಂಜಿನ್ ಮೇಲೆ ತಲೆಗೆ ಏನು ಕಟ್ಟಿಕೊಳ್ಳುತ್ತಿದ್ದಿರಿ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ತುಂಬಿದ ಗಾಡಿ ಹಿಡಿದರೆ ಶೆಡ್ಡಿಗೆ ಬರುವ ತನಕ ಸೀನುತ್ತಿದ್ದಿರಾ? ಇಂಥ ಪ್ರಶ್ನೆಗೆ ಕೈ ಆಡುತ್ತದೆ, ಸಲಿಕೆ ಹಿಡಿದ ಹಾಗೆ ತೋಳು ಎತ್ತುತ್ತಾರೆ. ಆಗ ಫೋಟೋ ಅಲ್ಲ, ವಿಡಿಯೋ ತೆಗೆಯಿರಿ.

ನಿಮ್ಮ ತಂದೆಯವರ ನೌಕರಿಯ ಕಾಗದಪತ್ರ, ಡ್ಯೂಟಿ ಬರೆದುಕೊಂಡ ನೋಟ್‌ಬುಕ್ ಏನಾದರೂ ಮನೆಯಲ್ಲಿದ್ದರೆ ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ. ಎಂಜಿನ್ ಸಂಖ್ಯೆ, ತಾರೀಖು, ಯಾವ ಊರಿಂದ ಯಾವ ಊರಿಗೆ ಅಂತಿದ್ದರೆ ಅದು ಚಿನ್ನ. ಹುಬ್ಬಳ್ಳಿ ಸ್ಟೇಷನ್ನಿನ ಗದಗ ರೋಡಿನ ಬದಿಯಲ್ಲಿ 2020ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಇದೆ, ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟ ಎರಡು ಹಳೆ ಕಾಟೇಜುಗಳಲ್ಲಿ. ಬರೀ ನೋಡಿ ಬರಬೇಡಿ. ನೈರುತ್ಯ ರೈಲ್ವೆಗೆ ಒಂದು ಪತ್ರ ಬರೆಯಿರಿ: ನಾನು ನಿವೃತ್ತ ಬ್ಯಾಂಕ್ ನೌಕರ, ಸಾಮಾನುಗಳ ಪಟ್ಟಿ ಮಾಡುವುದು, ಕನ್ನಡದಲ್ಲಿ ವಿವರ ಬರೆಯುವುದು, ಶಾಲೆ ಮಕ್ಕಳಿಗೆ ತೋರಿಸುವುದು, ಇದನ್ನು ಸಂಬಳವಿಲ್ಲದೆ ಮಾಡಬಲ್ಲೆ ಅಂತ. ‘ಏನಾದರೂ ಸೇವೆ ಮಾಡುತ್ತೇನೆ’ ಅನ್ನುವ ಪತ್ರಕ್ಕೆ ಯಾವ ಆಫೀಸಿನವರೂ ಏನು ಉತ್ತರ ಕೊಡಬೇಕು ಅಂತ ತಿಳಿಯದೆ ಫೈಲಿನಲ್ಲಿ ಇಡುತ್ತಾರೆ. ಇಂಥ ಕೆಲಸ, ವಾರಕ್ಕೆ ಇಷ್ಟು ತಾಸು ಅಂತ ಬರೆದರೆ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ. ಮೂಲ ಕಾಗದಗಳನ್ನು ಯಾರಿಗೇ ಕೊಟ್ಟರೂ ರಸೀದಿ ಬರೆಸಿಕೊಳ್ಳಿ.

ಕೊನೆಗೆ ಇಂಗ್ಲೆಂಡಿನ ತಯಾರಿ. ಬಟ್ಟೆ ಹತ್ತಿಯದೇ ಇರಲಿ. ಟೆರಿಕಾಟ್, ಪಾಲಿಸ್ಟರ್ ಮೇಲೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಮುಂಭಾಗದಲ್ಲಿ ಉಕ್ಕಿನ ಟೋಪಿ ಇರುವ ಬೂಟು ಅಲ್ಲೇ ಕೊಳ್ಳಿ. ಡಬ್ಬಿ ಕಟ್ಟಿಕೊಂಡು ಹೋಗಿ. ಶೆಡ್ಡಿನ ಹಳೆಯ ರೂಢಿ ಅಂದರೆ ಸಲಿಕೆ ತೊಳೆದು, ಫೈರ್‌ಬಾಕ್ಸಿನ ಬಾಗಿಲಲ್ಲಿ ಹಿಡಿದು, ಅದರ ಮೇಲೇ ಮೊಟ್ಟೆ, ಹಂದಿ ಮಾಂಸ ಹುರಿಯುವುದು. ತಿನ್ನುವವರಾದರೆ ಸರಿ. ತಿನ್ನದವರಾದರೆ ಅದೇ ಸಲಿಕೆ ಮೇಲೆ ನಿಮ್ಮ ಚಪಾತಿ ಬಿಸಿ ಮಾಡಲು ಕೊಡಬೇಡಿ. ಮಂದಿ ಪ್ರೀತಿಯಿಂದ ಕೇಳಿಯೇ ಕೇಳುತ್ತಾರೆ.

ಹೆಚ್ಚಿನ ರೈಲುಗಳು ಈಸ್ಟರಿನಿಂದ ಅಕ್ಟೋಬರ್ ತನಕ ಜೋರಾಗಿ ಓಡುತ್ತವೆ. ಚಳಿಗಾಲ ರಿಪೇರಿಗೆ. ನೀವು ಹೋಗುವ ಕಾಲ ಸರಿಯಾಗಿದೆ, ಜನ ಬೇಕಾಗಿರುವುದೂ ಆಗಲೇ. ಹೊರಡುವ ಎರಡು ಮೂರು ತಿಂಗಳ ಮೊದಲೇ ಇಮೇಲ್ ಹಾಕಿ. ಯಾವ ವಾರದಿಂದ ಯಾವ ವಾರದ ತನಕ ಬರಬಲ್ಲಿರಿ, ಯಾವ ವೀಸಾ, ಎಷ್ಟು ಭಾರ ಎತ್ತಬಲ್ಲಿರಿ, ಬಿಪಿ ಸಕ್ಕರೆ ಕಾಯಿಲೆ ಏನಾದರೂ ಇದೆಯಾ, ಎಲ್ಲಾ ಬರೆಯಿರಿ. ತಂದೆಯವರ ಬಗ್ಗೆ ಒಂದೆರಡು ಸಾಲು ಸಾಕು. ಯಾವ ಕೆಲಸ ಕೊಟ್ಟರೂ ಸರಿ ಅಂತ ಬರೆಯುವುದಾದರೆ ಅದು ಮನಸ್ಸಿನಿಂದ ಬಂದಿರಲಿ. ವಾರ ಎರಡು ವಾರ ಉತ್ತರ ಬರದಿದ್ದರೆ ಮುನಿಸಿಕೊಳ್ಳಬೇಡಿ, ಮತ್ತೊಮ್ಮೆ ಬರೆಯಿರಿ. ಆ ಇಮೇಲ್ ನೋಡುವವರೂ ಸಂಬಳವಿಲ್ಲದ ವಾಲಂಟಿಯರೇ, ಬಿಡುವಾದಾಗ ನೋಡುತ್ತಾರೆ.